ಕರ್ಣಪರ್ವ ಅರ್ಧಕ್ಕೇ ನಿಂತಿದೆ: ನಮ್ಮೂರ ದೇವಸ್ಥಾನದ ಸಮಿತಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸರ್ವ ಸದಸ್ಯರು,
ದೇವಸ್ಥಾನ ವ್ಯವಸ್ಥಾಪನಾ ಸಮಿತಿ.

ಮಾನ್ಯರೇ,

ಸಾದರ ನಮಸ್ಕಾರಗಳು. ಈ ಪತ್ರದಲ್ಲಿ ಊರಿನ ಹೆಸರನ್ನಾಗಲಿ ದೇವಸ್ಥಾನದ ಪೂರ್ತಿ ಹೆಸರನ್ನಾಗಲಿ ಬರೆದಿಲ್ಲ. ಓದುತ್ತಿದ್ದ ಹಾಗೆ ನಿಮಗೂ ಊರಿನವರಿಗೂ ತಾನಾಗಿ ತಿಳಿಯುತ್ತದೆ. ಉಳಿದವರಿಗೆ ಕಡೂರು ಸೀಮೆಯ ಒಂದು ಆಂಜನೇಯನ ಗುಡಿ ಎಂದರೆ ಸಾಕು. ಗುಡಿಯಲ್ಲಿ ನಿಂತುಹೋದ ಭಾರತದ ಓದು, ಶನಿವಾರದ ಭಜನೆ ಮತ್ತೆ ನಡೆಯಲಿ ಎಂದು ಈಗಾಗಲೇ ಎರಡು ಅರ್ಜಿ ಕೊಟ್ಟಿದ್ದೇನೆ. ಮೊದಲನೆಯದನ್ನು ಮೀಟಿಂಗಿನಲ್ಲಿ ಇಡೋಣ ಎಂದಿರಿ. ಎರಡನೆಯದನ್ನು ತೆಗೆದುಕೊಂಡದ್ದಕ್ಕೆ ಒಂದು ರುಜುವನ್ನೂ ಹಾಕಿಕೊಡಲಿಲ್ಲ. ಹಾಗಾಗಿ ಮೂರನೆಯದನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಜಗಳ ತೆಗೆಯುವ ಉದ್ದೇಶವಿಲ್ಲ. ನಿಮ್ಮಲ್ಲಿ ಇಬ್ಬರು ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು.

ನನ್ನ ಪರಿಚಯ ನಿಮಗೆ ಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯೊಂದರಲ್ಲಿ 31 ವರ್ಷ ಲೆಕ್ಕ ಬರೆದವನು. ಶನಿವಾರದ ಭಜನೆಗೆ ಹಾರ್ಮೋನಿಯಂ ಹಿಡಿಯುವುದು, ಶ್ರಾವಣದಲ್ಲಿ ಭಾರತ ಓದುವುದು, ಇವೆರಡೂ ಅಪ್ಪನಿಂದ ಬಂದವು. ಶಾಸ್ತ್ರೀಯವಾಗಿ ಸಂಗೀತ ಕಲಿತವನಲ್ಲ. ಅಪ್ಪ ಸಂಜೆ ಜಗಲಿ ಮೇಲೆ ಕೂರಿಸಿಕೊಂಡು, ಮಣೆಯ ಮೇಲೆ ಬೆರಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಕುಟ್ಟಿ, ಭಾರತದ ಪದ್ಯಗಳ ಛಂದಸ್ಸಾದ ಭಾಮಿನಿ ಷಟ್ಪದಿಯ ನಡೆ ಕಲಿಸಿದರು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ ಹದಿನಾಲ್ಕು ಮಾತ್ರೆ; ಮೂರು ಮತ್ತು ಆರನೆಯದಕ್ಕೆ ಅದರ ಒಂದೂವರೆಪಟ್ಟು, ಮೇಲೊಂದು ಗುರು. ಇದನ್ನು ಪುಸ್ತಕದಲ್ಲಿ ಓದಿದ್ದು ಹೈಸ್ಕೂಲಿನಲ್ಲಿ. ಅಷ್ಟು ಹೊತ್ತಿಗೆ ಕೈಬೆರಳಿಗೆ ಬಂದು ಐದು ವರ್ಷವಾಗಿತ್ತು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ನಮ್ಮ ಗುಡಿಯಲ್ಲಿ ಒಂದು ಶ್ರಾವಣಕ್ಕೆ ಒಂದು ಪರ್ವ ಎಂಬ ರೂಢಿ. ಕುಮಾರವ್ಯಾಸನ ಭಾರತದಲ್ಲಿ ಹತ್ತು ಪರ್ವ, ಎಂಟು ಸಾವಿರಕ್ಕೂ ಹೆಚ್ಚು ಪದ್ಯ. ಪಾಡ್ಯದ ದಿನ ವ್ಯಾಸಪೀಠ ಇಟ್ಟು, ದಿನಕ್ಕೊಂದು ಸಂಧಿ (ಅಂದರೆ ಅಧ್ಯಾಯ), ಕೆಲವು ದಿನ ಎರಡು ಓದಿ ಅಮಾವಾಸ್ಯೆಯೊಳಗೆ ಮಂಗಳ ಮಾಡುವುದು. ಓದುವವನು ಒಬ್ಬ, ಅರ್ಥ ಹೇಳುವವರು ಇನ್ನೊಬ್ಬರು. ಅರ್ಥ ಹೇಳುತ್ತಿದ್ದವರು ನಿವೃತ್ತ ಮೇಷ್ಟ್ರು. ಈಗ ಎಂಬತ್ತು ದಾಟಿದ್ದಾರೆ, ಕಿವಿ ಮಂದ, ಆದರೆ ಪದ್ಯದ ಮೊದಲ ಪದ ಕಿವಿಗೆ ಬಿದ್ದರೆ ಉಳಿದದ್ದೆಲ್ಲ ಅವರ ಬಾಯಲ್ಲೇ ಇರುತ್ತದೆ. 2023ರಲ್ಲಿ ಸರದಿಯ ಪ್ರಕಾರ ಕರ್ಣಪರ್ವ ಬರಬೇಕಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು, ನಿಮಗೆ ನೆನಪಿರಬಹುದು. ಅಧಿಕ ಶ್ರಾವಣ ಬೇರೆ. ಎರಡು ಶ್ರಾವಣ ಬಂದರೂ ಹನಿ ಬೀಳಲಿಲ್ಲ ಎಂದು ರೈತರೆಲ್ಲ ಸೇರಿ ವಿರಾಟಪರ್ವ ಓದಿಸೋಣ ಎಂದರು. ಮಳೆ ಹೋದಾಗ ವಿರಾಟಪರ್ವ ಓದಿಸುವುದು ಈ ಕಡೆಯ ಹಳೇ ನಂಬಿಕೆ. ಓದಿದೆವು. ಮಳೆ ಬಂತೇ ಎಂದು ಕೇಳಬೇಡಿ. ಆದರೆ ಕೀಚಕನ ವಧೆಯ ದಿನ ಗುಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚುವ ಕಡೆ ಮೇಷ್ಟ್ರು ಅರ್ಥ ಹೇಳುವುದಕ್ಕೆ ಮೊದಲೇ ಜನ ನಗಲು ಶುರು ಮಾಡಿದ್ದರು.

ಹೀಗೆ ಕರ್ಣಪರ್ವ 2024ಕ್ಕೆ ಹೋಯಿತು. ಆ ಶ್ರಾವಣದ ಮೂರನೇ ಶನಿವಾರಕ್ಕೆ ನೀವು ಭಕ್ತಿಗೀತೆಗಳ ರಸಮಂಜರಿ ಗೊತ್ತು ಮಾಡಿದ್ದಿರಿ. ಶುಕ್ರವಾರ ಸಂಜೆ ನಾವು ದೀಪ ಹಚ್ಚಿ ಕೂರುವ ಹೊತ್ತಿಗೆ ಲಗೇಜು ಆಟೋದಲ್ಲಿ ಸ್ಪೀಕರ್ ಬಾಕ್ಸುಗಳು ಬಂದವು. ಮಳೆ ಬಂದರೆ ನೆನೆಯುತ್ತವೆ, ಮುಖಮಂಟಪದಲ್ಲೇ ಇಡಬೇಕು, ಎರಡು ದಿನ ಬಿಟ್ಟು ಮುಂದುವರಿಸಿ ಎಂದು ಸಮಿತಿಯ ಕಡೆಯವರು ಹೇಳಿದರು. ಹಿಂದಿನ ಸಂಜೆ ನಾವು ಕರ್ಣನ ರಥದ ಗಾಲಿ ನೆಲದಲ್ಲಿ ಹೂಳುವ ಕಡೆಗೆ ತಂದು ನಿಲ್ಲಿಸಿದ್ದೆವು. ಪುಸ್ತಕಕ್ಕೆ ನವಿಲುಗರಿ ಇಟ್ಟು ಮುಚ್ಚಿದೆ. ಸೋಮವಾರ ಹೋದಾಗ ಮಂಟಪಕ್ಕೆ ಕಬ್ಬಿಣದ ಗ್ರಿಲ್ ಕೂರಿಸುವ ಕೆಲಸ ನಡೆದಿತ್ತು. ವಿಶೇಷ ದರ್ಶನದ ಸಾಲಿಗೆ ಜಾಗ ಬೇಕು ಎಂದಿರಿ. ವ್ಯಾಸಪೀಠ, ತಾಳಗಳು, ಹಾರ್ಮೋನಿಯಂ ಎಲ್ಲ ಉಗ್ರಾಣಕ್ಕೆ ಹೋದವು.

ಅದಾಗಿ ಒಂದು ಶ್ರಾವಣ ಕಳೆಯಿತು, ಇನ್ನೊಂದು ಬರುತ್ತಿದೆ. ಹಿಡಿದ ಭಾರತವನ್ನು ಅರ್ಧಕ್ಕೆ ಬಿಡಬಾರದು ಎಂದು ಹಳಬರು ಹೇಳುತ್ತಾರೆ. ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಕರ್ಣನ ಗಾಲಿಯಂತೂ ನಮ್ಮೂರಲ್ಲಿ ಇನ್ನೂ ಮಣ್ಣಿನಲ್ಲೇ ಇದೆ.

ಶನಿವಾರದ ಭಜನೆಯ ಕಥೆ ಇದಕ್ಕಿಂತ ಸಣ್ಣದು. ಮೊದಲು ಆರೂವರೆಯಿಂದ ಎಂಟರವರೆಗೆ ನಡೆಯುತ್ತಿತ್ತು. ಸೇವೆ ಮಾಡಿಸುವವರಿಗೆ ಅಡಚಣೆ ಎಂದು ಇಪ್ಪತ್ತು ನಿಮಿಷಕ್ಕೆ ಇಳಿಸಿದಿರಿ. ನವಗ್ರಹದ ಪಕ್ಕದ ಮೂಲೆ ತೋರಿಸಿದಿರಿ. ಅಲ್ಲಿ ಕೂತರೆ ಗರ್ಭಗುಡಿ ಕಾಣುವುದಿಲ್ಲ, ಎಣ್ಣೆಯ ಜಾರು ಬೇರೆ. ವಯಸ್ಸಾದ ಇಬ್ಬರು ಬರುವುದನ್ನು ಬಿಟ್ಟರು. ಒಬ್ಬರು ಜಾರಿಬಿದ್ದ ಮೇಲೆ ಮಿಕ್ಕವರೂ ಬಿಟ್ಟರು.

ಅದೇ ಹೊತ್ತಿಗೆ ಕರೆಂಟಿನ ನಗಾರಿ ಬಂತು. ಸ್ವಿಚ್ಚು ಒತ್ತಿದರೆ ಒಂದೇ ಮೋಟಾರಿನಲ್ಲಿ ನಗಾರಿ, ಜಾಗಟೆ, ಗಂಟೆ ಮೂರೂ ಬಡಿದುಕೊಳ್ಳುತ್ತವೆ. ದಾನಿಗಳ ಹೆಸರು ಅದರ ಮೇಲೆ ದೊಡ್ಡದಾಗಿದೆ. ಹೋದ ಕಾರ್ತೀಕದಲ್ಲಿ ಒಂದು ಸಂಜೆ ಮಹಾಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಅರ್ಚಕರು ಆರತಿ ಹಿಡಿದು ನಿಂತರು. ಗುಡಿ ಪೂರಾ ಮೌನ. ಹಿತ್ತಾಳೆ ಜಾಗಟೆ ಗೋಡೆಯ ಮೊಳೆಗೇ ನೇತುಹಾಕಿತ್ತು, ಕೋಲೂ ಪಕ್ಕದಲ್ಲೇ ಇತ್ತು. ಅದರ ಕೆಳಗೆ ಐದಾರು ಹುಡುಗರು ನಿಂತಿದ್ದರು. ಅವರೆಲ್ಲ ನೋಡುತ್ತಿದ್ದದ್ದು ನಿಂತುಹೋದ ಮಿಷೀನನ್ನು. ನಾವು ಹುಡುಗರಾಗಿದ್ದಾಗ ಆ ಕೋಲಿಗಾಗಿ ಕಿತ್ತಾಡಿ ಅಂಗಿ ಹರಿದುಕೊಂಡಿದ್ದೆವು. ಕತ್ತಲಲ್ಲಿ ಒಬ್ಬ ಅಜ್ಜಿ ಮಂಗಳದ ಹಾಡು ಎತ್ತಿದರು. ಮೊದಲ ಸೊಲ್ಲು ಚೆನ್ನಾಗಿ ಬಂತು. ಎರಡನೇ ಸೊಲ್ಲಿಗೆ ಹಿಂದೆ ಹೇಳುವವರಿಲ್ಲದೆ ಅವರೂ ಸಂಕೋಚದಿಂದ ನಿಲ್ಲಿಸಿಬಿಟ್ಟರು. ನಾನೂ ಅಲ್ಲೇ ಇದ್ದೆ, ನನಗೂ ಬಾಯಿ ಬರಲಿಲ್ಲ. ಆ ನಾಚಿಕೆಯಿಂದಲೇ ಈ ಪತ್ರ ಶುರುವಾದದ್ದು.

ಬೆಳಗಿನ ಧ್ವನಿವರ್ಧಕದ ಬಗ್ಗೆ ಒಂದೇ ಮಾತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮವೇ ಇದೆ. ನಮ್ಮಲ್ಲಿ ಐದಕ್ಕೇ ಶುರು. ಹಾಕುವುದು ತಿರುಮಲೆಯ ವೆಂಕಟೇಶನ ಸುಪ್ರಭಾತ. ಗರ್ಭಗುಡಿಯಲ್ಲಿರುವವನು ಆಂಜನೇಯ. ಯಾರನ್ನು ಎಬ್ಬಿಸುತ್ತಿದ್ದೇವೆ ಎಂದು ಒಮ್ಮೆ ಯೋಚಿಸಿ.

ಇಷ್ಟಕ್ಕೆಲ್ಲ ನೀವು ಕೊಡುವ ಉತ್ತರ ನನಗೆ ಗೊತ್ತು. ಜನಕ್ಕೆ ಬೇಕಾದ್ದನ್ನು ಕೊಡುತ್ತಿದ್ದೇವೆ, ರಸಮಂಜರಿಗೆ ಸಾವಿರ ಜನ ಸೇರುತ್ತಾರೆ, ನಿಮ್ಮ ಭಾರತಕ್ಕೆ ಮೂವತ್ತು ಜನ. ಲೆಕ್ಕ ಸರಿ. ನಾನೂ ಲೆಕ್ಕದವನೇ, ಒಪ್ಪುತ್ತೇನೆ. ಆದರೆ ಲೆಕ್ಕದಲ್ಲಿ ಇನ್ನೊಂದು ಕಾಲಂ ಬಿಟ್ಟುಹೋಗಿದೆ. ಆ ಸಾವಿರ ಜನರಲ್ಲಿ ಮಾರನೇ ದಿನ ಒಂದು ಸೊಲ್ಲು ಹಾಡಬಲ್ಲವರು ಎಷ್ಟು ಜನ? ಮೂವತ್ತು ಜನರಲ್ಲಿ ಹತ್ತು ಮಂದಿಗೆ ಪದ್ಯ ಬಾಯಿಗೆ ಬರುತ್ತಿತ್ತು. ಟೀ ಅಂಗಡಿ ಇಟ್ಟಿರುವವರೊಬ್ಬರು ಓದು ಬರೆಹ ಕಲಿತವರಲ್ಲ. ಅವರು ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನನ್ನು ಪಕ್ಕಕ್ಕೆ ಕರೆದು ಜನ್ಮರಹಸ್ಯ ಹೇಳುವ ಭಾಗವನ್ನು ಗಿರಾಕಿಗಳ ಮುಂದೆ ಹಾಡಿ, ಅರ್ಥವನ್ನೂ ಹೇಳಿ, 'ಈಗ ಹೇಳಿ ಸ್ವಾಮಿ, ನೀವಾಗಿದ್ರೆ ಯಾವ ಕಡೆ ಹೋಗ್ತಿದ್ರಿ?' ಎಂದು ಕೇಳುತ್ತಾರೆ. ಆಮೇಲೆ ಅಂಗಡಿಯಲ್ಲಿ ಅರ್ಧ ಗಂಟೆ ಗಲಾಟೆ. ಧರ್ಮಶಾಸ್ತ್ರದ ಪಾಠ ಎಂದರೆ ಇದಕ್ಕಿಂತ ಬೇರೆ ಏನು ಬೇಕು ಎಂದು ನನಗಂತೂ ತಿಳಿಯದು.

ರಸಮಂಜರಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಹೊಟ್ಟೆಪಾಡು. ಸಿನಿಮಾ ಧಾಟಿಗೆ ದೇವರ ಹೆಸರು ಸೇರಿಸುತ್ತಾರೆ ಎಂಬ ದೂರೂ ನನ್ನದಲ್ಲ. ದಾಸರು ಕುಟ್ಟುವ ಬೀಸುವ ಹಾಡಿನ ಧಾಟಿಯನ್ನೇ ಎತ್ತಿಕೊಂಡವರು. ಪುರಂದರದಾಸರಂತೂ ಸರಳೆ ಜಂಟಿಯಿಂದ ಹಿಡಿದು, ಮಲಹರಿಯ ಪಿಳ್ಳಾರಿ ಗೀತೆಗಳವರೆಗೆ ಎಳೆಯ ಮಕ್ಕಳ ಬಾಯಿಗೆ ನಿಲುಕುವ ಹಾಗೆ ಪಾಠ ಕಟ್ಟಿದರು. ಅವರು ತೀರಿಕೊಂಡದ್ದು 1564ರಲ್ಲಿ. ಇವತ್ತಿಗೂ ದಕ್ಷಿಣ ದೇಶದಲ್ಲಿ ಯಾವ ಮಗು ಸಂಗೀತಕ್ಕೆ ಕೂತರೂ ಶುರುವಾಗುವುದು ಅಲ್ಲಿಂದಲೇ. ಹಾಡಿಸುವುದಕ್ಕೆ ಅಂತಲೇ ಕಟ್ಟಿದ ಪದಗಳವು. ನಾವು ಕುರ್ಚಿ ಹಾಕಿ ಕೂರಿಸಿ ಕೇಳಿಸಿ ಕಳಿಸುತ್ತಿದ್ದೇವೆ, ಅಷ್ಟೇ ನನ್ನ ತಕರಾರು.

ಹೊಸದು ಬೇಡ ಎನ್ನುವವನೂ ನಾನಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಹೋಗಿ ನೋಡಿ ಬನ್ನಿ. ಅಲ್ಲಿ ಹಳ್ಳಿ ಹಳ್ಳಿಗೆ ಭಜನಾ ಮಂದಿರ. ಮಕ್ಕಳು ಸಮವಸ್ತ್ರ ತೊಟ್ಟು, ತಾಳ ಹಿಡಿದು, ಕುಣಿತ ಭಜನೆ ಮಾಡುತ್ತಾರೆ. ಧರ್ಮಸ್ಥಳದಲ್ಲಿ ವರ್ಷಕ್ಕೊಮ್ಮೆ ಭಜನಾ ಮಂಡಳಿಗಳಿಗೆ ತರಬೇತಿ ಕಮ್ಮಟವೇ ನಡೆಯುತ್ತದೆ. ರಾಗ, ತಾಳ, ಶಿಸ್ತು ಎಲ್ಲ ಕಲಿಸಿ ಕಳಿಸುತ್ತಾರೆ. ನಮ್ಮ ಮಲೆನಾಡಿನಲ್ಲೇ ತುಂಗೆಯ ದಡದ ಹೊಸಹಳ್ಳಿ ಇದೆ. ಅಕ್ಕಪಕ್ಕದ ಮತ್ತೂರು ಸಂಸ್ಕೃತಕ್ಕೆ ಹೆಸರಾದರೆ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ. ಅಲ್ಲಿನ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಒಂದು ಸಣ್ಣ ಊರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಶಾಸ್ತ್ರಪಾಠವನ್ನು ನಾವೂ ಮಾಡುತ್ತಿದ್ದೇವಲ್ಲ, ಗೀತಾಜಯಂತಿಗೆ ಶ್ಲೋಕ ಕಂಠಪಾಠ ಸ್ಪರ್ಧೆ ಇಟ್ಟಿಲ್ಲವೇ ಎಂದು ಕೇಳಬಹುದು. ಇಟ್ಟಿದ್ದೀರಿ, ಒಳ್ಳೆಯದೇ. ಹೋದ ಸಲದ ಸ್ಪರ್ಧೆಗೆ ನನ್ನನ್ನೂ ತೀರ್ಪುಗಾರರ ಸಾಲಿನಲ್ಲಿ ಕೂರಿಸಿದ್ದಿರಿ. ಆರನೇ ಕ್ಲಾಸಿನ ಹುಡುಗಿ ಹದಿನೈದನೇ ಅಧ್ಯಾಯದ ಇಪ್ಪತ್ತೂ ಶ್ಲೋಕ ಒಂದು ಅಕ್ಷರ ತಪ್ಪಿಲ್ಲದೆ ಹೇಳಿದಳು. ಉಚ್ಚಾರ ನನಗಿಂತ ಸ್ವಚ್ಛ. ಬಹುಮಾನ ಕೊಡುವಾಗ ಸುಮ್ಮನೆ ಕೇಳಿದೆ: ಮೊದಲನೇ ಶ್ಲೋಕದಲ್ಲಿ ಬೇರು ಮೇಲೆ, ಕೊಂಬೆ ಕೆಳಗೆ ಅಂತ ಒಂದು ಮರ ಬರುತ್ತಲ್ಲ ಪುಟ್ಟಿ, ಯಾವ ಮರ ಅದು? ಮಗು ಅಮ್ಮನ ಮುಖ ನೋಡಿತು. ಅಮ್ಮ ನಮ್ಮ ಮುಖ ನೋಡಿದರು. ಅದು ಅಶ್ವತ್ಥ, ನಾವು ಕೂತಿದ್ದ ಪೆಂಡಾಲಿನಿಂದ ಹತ್ತು ಮಾರು ದೂರದಲ್ಲಿ ಅರಳೀಕಟ್ಟೆ ಇದೆ. ಮಗುವಿನದು ತಪ್ಪಿಲ್ಲ, ತಾಯಿಯದೂ ಅಲ್ಲ. ನಮ್ಮ ಮೇಷ್ಟ್ರಾಗಿದ್ದರೆ ಆ ಒಂದು ಶ್ಲೋಕಕ್ಕೆ ಮಕ್ಕಳನ್ನು ಕಟ್ಟೆಗೇ ಕರೆದುಕೊಂಡು ಹೋಗಿ, ಎಲೆ ಕಿತ್ತು ಕೈಗೆ ಕೊಟ್ಟು, ಈ ಮರ ತಲೆಕೆಳಗಾದರೆ ಏನಾಗುತ್ತದೆ ಹೇಳಿ ನೋಡೋಣ ಎನ್ನುತ್ತಿದ್ದರು. ಒಂದು ಸಂಜೆ ಪೂರಾ ಅದಕ್ಕೇ ಹೋಗುತ್ತಿತ್ತು. ಎಪ್ಪತ್ತು ಮಕ್ಕಳನ್ನು ಒಂದೇ ಮಧ್ಯಾಹ್ನ ಮುಗಿಸುವ ಅವಸರದಲ್ಲಿ ಅದು ಸಾಧ್ಯವಿಲ್ಲ.

ಗಮಕದ ಗುಟ್ಟೇ ಅದು. ಓದುವವನು ಪದ ಒಡೆಯುವಾಗಲೇ ಅರ್ಧ ಅರ್ಥ ಬಿಟ್ಟುಕೊಡುತ್ತಾನೆ. ತಾಳದ ಹಂಗಿಲ್ಲ. ದುಃಖ ಬಂದರೆ ನಾದನಾಮಕ್ರಿಯೆಗೆ ಇಳಿಯುತ್ತಾನೆ, ಕೋಪ ಬಂದರೆ ಅಠಾಣಕ್ಕೆ ಏರುತ್ತಾನೆ, ಮುಗಿಸುವಾಗ ಮಧ್ಯಮಾವತಿ. ರಾಗದ ಹೆಸರು ಗೊತ್ತಿಲ್ಲದ ಅಜ್ಜಿಗೂ ಅಭಿಮನ್ಯುವಿನ ಕಡೆ ಸ್ವರ ಬದಲಾದ ಕೂಡಲೇ ಸೆರಗು ಕಣ್ಣಿಗೆ ಹೋಗುತ್ತದೆ. ಆಮೇಲೆ ಮೇಷ್ಟ್ರ ಮಾತು. ಅದರಲ್ಲಿ ಊರ ಪಂಚಾಯ್ತಿ, ಅಣ್ಣ ತಮ್ಮಂದಿರ ಜಮೀನಿನ ಕೇಸು, ಗ್ರಾಮ ಪಂಚಾಯ್ತಿ ಎಲೆಕ್ಷನ್ ಎಲ್ಲ ಬರುತ್ತದೆ. ಸಭಾಪರ್ವದ ವರ್ಷ ಇಸ್ಪೀಟು ಆಡುವ ಒಬ್ಬರು ದ್ಯೂತದ ದಿನ ಎದ್ದು ಹೋದದ್ದು ನಿಮಗೂ ನೆನಪಿದೆ, ನಕ್ಕವರಲ್ಲಿ ನೀವೂ ಇದ್ದಿರಿ.

ಇದೆಲ್ಲ ಕನ್ನಡದಲ್ಲಿದೆ ಎಂಬುದನ್ನು ಮರೆಯಬಾರದು. ಸಂಸ್ಕೃತ ಬಾರದವನಿಗೂ ಭಾರತ ಸಿಗಲಿ ಎಂದು ಗದುಗಿನವನು ಹಾಡಿದ, ತೊರವೆಯವನು ರಾಮಾಯಣ ಹಾಡಿದ, ನಮ್ಮ ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಜೈಮಿನಿ ಭಾರತ ಹಾಡಿದ. ದೇವನೂರಿಗೆ ನಮ್ಮೂರಿಂದ ಬಸ್ಸಿದೆ. ಎಷ್ಟು ಮಕ್ಕಳನ್ನು ಒಮ್ಮೆಯಾದರೂ ಆ ಗುಡಿಗೆ ಕರೆದುಕೊಂಡು ಹೋಗಿದ್ದೇವೆ? ಕುಮಾರವ್ಯಾಸ ಗದುಗಿನ ವೀರನಾರಾಯಣನ ಗುಡಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವ ತನಕ ಕಾವ್ಯ ಹೇಳುತ್ತಿದ್ದ ಎಂದು ಐತಿಹ್ಯ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಗುಡಿಯ ಮಂಟಪದಲ್ಲೇ ಹುಟ್ಟಿದ ಕಾವ್ಯಕ್ಕೆ ನಮ್ಮ ಗುಡಿಯ ಮಂಟಪದಲ್ಲಿ ಈಗ ಬೀಗ. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ದಾಸರ ಪದಗಳನ್ನು ಕೂಡಿಹಾಕಿ ಮೊದಲಿಗೆ ಅಚ್ಚಿನ ಮೊಳೆಗೆ ಹತ್ತಿಸಿದವರಲ್ಲಿ ಒಬ್ಬರು ಮಂಗಳೂರಿನ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗ್, 1850ರ ಹೊತ್ತಿಗೆ. ಬೇರೆ ಧರ್ಮ ಸಾರಲು ಬಂದವರಿಗೂ ಇದು ಉಳಿಯಬೇಕಾದದ್ದು ಅನ್ನಿಸಿತ್ತು.

ದೂರು ಹೇಳುವಾಗ ನಮ್ಮ ತಪ್ಪನ್ನೂ ಹೇಳಬೇಕು. ಭಜನಾ ಮಂಡಳಿ ಎಂದು ನಾವು ಮೆರೆದ ಕಾಲವೂ ಇತ್ತು. ಹೆಂಗಸರಿಗೆ ಮುಂದೆ ಹೇಳಲು ಬಿಡಲಿಲ್ಲ, ಹಿಂದೆ ಹೇಳಲಿ ಸಾಕು ಎಂದೆವು. ಅವರು ಬೇಸತ್ತು ಮನೆಗಳಲ್ಲಿ ಬೇರೆ ಮಂಡಳಿ ಮಾಡಿಕೊಂಡರು. ಈಗ ನಮ್ಮದು ನಿಂತಿದೆ, ಅವರದು ನಡೆಯುತ್ತಿದೆ. ಹುಡುಗನೊಬ್ಬ ಸುಳಾದಿ (ಹಲವು ತಾಳಗಳಲ್ಲಿ ಹಾಡುವ ದಾಸರ ರಚನೆ) ಅಂದರೇನು ಎಂದು ಕೇಳಿದಾಗ, ಮೊದಲು ಸರಿಯಾಗಿ ತಾಳ ಹಾಕು ಎಂದು ಗದರಿದವನು ನಾನೇ. ಅವನು ಮತ್ತೆ ಬರಲಿಲ್ಲ. ಇನ್ನೂ ಹಳೆಯದು ಒಂದಿದೆ. ಅಪ್ಪನ ಕಾಲದಲ್ಲಿ ಊರಾಚೆ ಕೇರಿಯವರು ಗುಡಿಯ ಪೌಳಿಯ ಹೊರಗೆ, ಬೀದಿಯಾಚೆ ಒಂದು ಚಪ್ಪಡಿ ಕಲ್ಲಿನ ಮೇಲೆ ಕೂತು ಭಾರತ ಕೇಳುತ್ತಿದ್ದರು. ಮಳೆ ಬಂದರೆ ಗೋಣಿಚೀಲ ಹೊದ್ದುಕೊಂಡು. ಒಂದು ಸಂಜೆಯೂ ತಪ್ಪಿಸುತ್ತಿರಲಿಲ್ಲವಂತೆ. ಅಪ್ಪ ಇದನ್ನು ಅವರ ಭಕ್ತಿಯ ದೊಡ್ಡತನ ಎಂಬಂತೆ ಹೇಳುತ್ತಿದ್ದರು. ನನಗೆ ಈಗ ಅದು ನಮ್ಮ ಸಣ್ಣತನವಾಗಿ ಕಾಣುತ್ತದೆ. ಪರಂಪರೆ ಉಳಿಸಿ ಎಂದು ನಾನು ಕೇಳುವಾಗ ಆ ಚಪ್ಪಡಿ ಕಲ್ಲನ್ನು ಉಳಿಸಿ ಎಂದು ಯಾರೂ ತಿಳಿಯಬಾರದು.

ಅದಕ್ಕೇ ನಿಮ್ಮ ಸಮಿತಿಯ ಮೇಲೆ ನನಗೆ ಇನ್ನೂ ಭರವಸೆ ಇದೆ. 1997ರ ಧಾರ್ಮಿಕ ದತ್ತಿ ಕಾಯ್ದೆಯ ಪ್ರಕಾರ ಒಂಬತ್ತು ಜನರ ಸಮಿತಿಯಲ್ಲಿ ಅರ್ಚಕರಿರಬೇಕು, ಪರಿಶಿಷ್ಟ ಜಾತಿ ಅಥವಾ ಪಂಗಡದ ಒಬ್ಬರಾದರೂ ಇರಬೇಕು, ಇಬ್ಬರು ಮಹಿಳೆಯರಿರಬೇಕು. ನಮ್ಮಲ್ಲಿ ಇದ್ದೀರಿ. ಅಪ್ಪನ ಕಾಲದಲ್ಲಿ ಇಂಥ ಸಭೆ ಊಹಿಸುವ ಹಾಗೂ ಇರಲಿಲ್ಲ. ಆ ಮೂವರು ಸದಸ್ಯರಿಗೆ ನನ್ನದೊಂದು ಪ್ರತ್ಯೇಕ ವಿನಂತಿ: ಮೀಟಿಂಗಿನಲ್ಲಿ ಟೈಲ್ಸು, ಪೇಂಟು, ಪಾರ್ಕಿಂಗು ಮುಗಿದ ಮೇಲೆ ಈ ವಿಷಯವನ್ನು ನೀವು ಎತ್ತಿ.

ಏನು ಮಾಡಬೇಕು ಎಂದರೆ, ಮೊದಲು ಮುಖಮಂಟಪದ ಗ್ರಿಲ್ ತೆರೆಯಿರಿ. ಕಿತ್ತುಹಾಕಿ ಎನ್ನುವುದಿಲ್ಲ, ಖರ್ಚಾಗಿದೆ. ಶನಿವಾರ ಸಂಜೆ ಒಂದೂವರೆ ಗಂಟೆ, ಶ್ರಾವಣದ ಅಷ್ಟೂ ಸಂಜೆ ಒಂದೊಂದು ಗಂಟೆ ಅದರ ಬೀಗ ತೆಗೆದಿರಲಿ. ವಿಶೇಷ ದರ್ಶನದವರು ಅಷ್ಟು ಹೊತ್ತು ಎಲ್ಲರ ಸಾಲಿನಲ್ಲೇ ಬರಲಿ, ಹನುಮಂತನಿಗೆ ಬೇಸರವಾಗುವುದಿಲ್ಲ. ಮಂಗಳಾರತಿ ಹೊತ್ತಿಗೆ ಕರೆಂಟಿನ ನಗಾರಿ ನಿಲ್ಲಿಸಿ ಜಾಗಟೆಯನ್ನು ಹುಡುಗರ ಕೈಗೆ ಕೊಡಿ. ತಾಳ ತಪ್ಪುತ್ತದೆ, ತಪ್ಪಲಿ.

ಎರಡನೆಯದು ಕಲಿಸುವವರ ವಿಷಯ. ನಮ್ಮದು ಬಿ ಪ್ರವರ್ಗದ ದೇವಸ್ಥಾನ. ವರ್ಷಕ್ಕೆ 5 ಲಕ್ಷದ ಮೇಲೆ 25 ಲಕ್ಷದೊಳಗಿನ ಆದಾಯದ್ದು. ನೋಟಿಸ್ ಬೋರ್ಡಿಗೆ ಹಾಕಿದ ಜಮಾಖರ್ಚನ್ನು ನಾನು ನಿಂತು ಓದಿದ್ದೇನೆ, ಅಭ್ಯಾಸಬಲ. ಶಾಮಿಯಾನ, ಲೈಟಿಂಗ್, ಫ್ಲೆಕ್ಸ್, ಧ್ವನಿವರ್ಧಕ ಎಲ್ಲಕ್ಕೂ ಒಂದೊಂದು ಬಾಬ್ತು ಇದೆ. ಕಲಿಸುವುದಕ್ಕೆ ಒಂದು ಬಾಬ್ತೂ ಇಲ್ಲ. ಉಗ್ರಾಣದ ಹಳೇ ಖರ್ಚಿನ ಪುಸ್ತಕ ತೆಗೆಸಿ ನೋಡಿ. ಅದರಲ್ಲಿ ಶ್ರಾವಣದ ಪುಟದಲ್ಲಿ 'ಭಾರತ ಓದಿದವರಿಗೆ ಪಂಚೆ ಶಲ್ಯ, ದೀಪದ ಎಣ್ಣೆ, ಪಾನಕಕ್ಕೆ ಬೆಲ್ಲ' ಎಂದು ಸಾಲು ಸಾಲಾಗಿ ಇದೆ. ಊರು ಬಡವಾಗಿದ್ದಾಗಲೂ ಆ ಬಾಬ್ತು ತಪ್ಪಿಲ್ಲ. ಗಮಕ ಬಲ್ಲ ಒಬ್ಬರನ್ನು, ಗಂಡಸಾಗಲಿ ಹೆಂಗಸಾಗಲಿ, ವಾರಕ್ಕೆರಡು ದಿನ ಕರೆಸಿ ಮಕ್ಕಳಿಗೆ ಪಾಠ ಹೇಳಿಸಿ, ಮರ್ಯಾದೆಯ ಸಂಭಾವನೆ ಕೊಡಿ. ಯಾವ ಮನೆಯ ಮಗು ಎಂದು ಕೇಳದೆ ಸೇರಿಸಿಕೊಳ್ಳಿ. ಸ್ಪರ್ಧೆ ಬೇಕಾದರೆ ಇಡಿ, ಆದರೆ ಒಂದು ಪದ್ಯ ಹಾಡಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಿದ ಮಗುವಿಗೆ ಮೊದಲ ಬಹುಮಾನ ಹೋಗಲಿ.

ಮೂರನೆಯದು ಸ್ವಲ್ಪ ಅವಸರದ್ದು. ಉಗ್ರಾಣದ ಮರದ ಪೆಟ್ಟಿಗೆಯಲ್ಲಿ ಓಲೆಗರಿಯ ಎರಡು ಕಟ್ಟು ಇವೆ. ಅಪ್ಪನ ಕಾಲದಲ್ಲಿ ವರ್ಷಕ್ಕೊಮ್ಮೆ ಸರಸ್ವತಿ ಪೂಜೆಗೆ ಹೊರಗೆ ತೆಗೆದು ಧೂಳು ಒರೆಸುತ್ತಿದ್ದರು. ಈಗ ಪೆಟ್ಟಿಗೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ಪೇರಿಸಿದೆ, ಗೋಡೆ ಕಡೆಯಿಂದ ಗೆದ್ದಲು ಹಿಡಿದಿದೆ. ಅದರಲ್ಲಿ ಏನಿದೆ ನನಗೆ ಓದಲು ಬರುವುದಿಲ್ಲ. ಎಲ್ಲರ ಮನೆಯಲ್ಲೂ ಇರುವ ಪಂಚಾಂಗದ ಲೆಕ್ಕವೂ ಇರಬಹುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಿಂದ ಇದೇ ಕೆಲಸಕ್ಕಾಗಿ ಇದೆ. ಕೌಟಿಲ್ಯನ ಅರ್ಥಶಾಸ್ತ್ರ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು, ಯಾರೋ ಪಂಡಿತರು ತಂದುಕೊಟ್ಟಿದ್ದ ಅಂಥದೇ ಒಂದು ಓಲೆ ಕಟ್ಟಿನಲ್ಲಿ. ಅಲ್ಲಿಗೆ ಒಂದು ಕಾಗದ ಬರೆಯಿರಿ. ಬರೆದುಕೊಡು ಎಂದರೆ ನಾನೇ ಬರೆದುಕೊಡುತ್ತೇನೆ, ನೀವು ಸೀಲು ಹಾಕಿದರೆ ಸಾಕು.

ಹಾಗೆಯೇ ಮಹಿಳಾ ಮಂಡಳಿಯ ಹಿರಿಯರೊಬ್ಬರ ಹತ್ತಿರ ನೂರು ಹಾಳೆಯ ಒಂದು ನೋಟ್‌ಬುಕ್ ಇದೆ. ಅವರ ಅತ್ತೆ ಹೇಳಿಕೊಟ್ಟ ಹಾಡುಗಳು. ಅರಿಶಿನದ ಬೆರಳಚ್ಚು, ಎಣ್ಣೆ ಕಲೆ, ಕೆಲವು ಪುಟದಲ್ಲಿ ಮೊಮ್ಮಕ್ಕಳ ಗೀಚು. ಲಕ್ಷ್ಮೀ ಶೋಭಾನೆ ಇದೆ, ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳಿವೆ. ನಾನು ಅಚ್ಚಿನಲ್ಲಿ ಎಲ್ಲೂ ಕಾಣದ ಕೆಲವೂ ಇವೆ. ಪದ ಬರೆದಿಟ್ಟಿದ್ದಾರೆ, ಧಾಟಿ ಮಾತ್ರ ಅವರ ಗಂಟಲಿನಲ್ಲಿದೆ. ಊರಿನ ಹುಡುಗರ ಕೈಲೆಲ್ಲ ಮೊಬೈಲು ಇದೆ. ದಿನಕ್ಕೆ ನಾಲ್ಕು ಹಾಡಿನಂತೆ ಕೂತು ರೆಕಾರ್ಡು ಮಾಡಿಕೊಳ್ಳಲಿ. ಆ ಅಮ್ಮನಿಗೆ ಎಪ್ಪತ್ತೆಂಟು. ನೀವು ಹೇಳಿ ಕಳಿಸಿದರೆ ಅವರು ಗುಡಿಗೆ ಬಂದು ಹಾಡುತ್ತಾರೆ. ನಾವು ಕರೆದರೆ ಬರುವುದಿಲ್ಲ, ಯಾಕೆಂದು ಮೇಲೆ ಬರೆದಿದ್ದೇನೆ.

ಕೊನೆಯದಾಗಿ ಒಂದು ಮಣೆಯ ವಿಷಯ. ರಾಮನ ಕಥೆ ನಡೆಯುವ ಕಡೆಯೆಲ್ಲ ಹನುಮಂತ ಬಂದು ಕೈಮುಗಿದು ಕೂರುತ್ತಾನೆ ಎಂದು, ಓದುವವರ ಎದುರಿಗೆ ಒಂದು ಮಣೆ ಖಾಲಿ ಬಿಡುವುದು ನಮ್ಮಲ್ಲಿ ವಾಡಿಕೆ. ತೊರವೆ ರಾಮಾಯಣಕ್ಕೆ ಮಾತ್ರ ಹಾಕುವುದು ಸರಿ, ಭಾರತಕ್ಕೆ ಯಾಕೆ ಎಂದು ಯಾರೋ ಹಿಂದೆ ತಗಾದೆ ತೆಗೆದಿದ್ದರಂತೆ. ಅರ್ಜುನನ ಬಾವುಟದ ಮೇಲೆ ಕೂತು ಇಡೀ ಯುದ್ಧ ನೋಡಿದವನಿಗೆ ನಾವು ಓದಿದ್ದು ಸರಿಯೋ ತಪ್ಪೋ ಹೇಳುವ ಅಧಿಕಾರ ಇದೆ ಎಂದು ಮೇಷ್ಟ್ರು ಉತ್ತರ ಕೊಟ್ಟರಂತೆ. ಹಲಸಿನ ಮರದ ಮಣೆ, ನಾಲ್ಕು ಮೂಲೆಗೂ ಹಿತ್ತಾಳೆ ಹೂವು. ಮೊನ್ನೆ ಹುಡುಕಿದೆ. ಆಂಪ್ಲಿಫೈಯರಿಗೆ ನೆಲದ ತೇವ ತಾಗದಿರಲಿ ಎಂದು ಅದರ ಕೆಳಗೆ ಇಟ್ಟಿದ್ದೀರಿ. ಇಟ್ಟವರಿಗೆ ಗೊತ್ತಿಲ್ಲದೆ ಆಗಿದೆ, ಅವರನ್ನು ಬಯ್ಯಬೇಡಿ. ಆಂಪ್ಲಿಫೈಯರಿಗೆ ಬೇರೆ ಹಲಗೆ ನಮ್ಮ ಮನೆಯಿಂದ ಕಳಿಸುತ್ತೇನೆ.

ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದಿದೆ, ಅದರ ರಿಪೇರಿಯೂ ನನ್ನ ಖರ್ಚು. ಮೇಷ್ಟ್ರನ್ನು ಮನೆಯಿಂದ ಕರೆತಂದು ಬಿಡಲು ಟೀ ಅಂಗಡಿಯವರು ತಮ್ಮ ಸ್ಕೂಟರು ಕೊಡುತ್ತೇನೆ ಎಂದಿದ್ದಾರೆ. ಕರ್ಣಪರ್ವದಲ್ಲಿ ಉಳಿದಿರುವುದು ಹೆಚ್ಚೆಂದರೆ ಮೂರು ಸಂಜೆಯ ಓದು. ಬರುವ ಶ್ರಾವಣ ಶುದ್ಧ ಪಾಡ್ಯದ ಸಂಜೆ ಆರೂವರೆಗೆ ನಾವು ಗುಡಿಯ ಹತ್ತಿರ ಬರುತ್ತೇವೆ. ಮಂಟಪದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಅಷ್ಟರೊಳಗೆ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಶನಿವಾರದ ಭಜನೆಯ ಹಾರ್ಮೋನಿಯಂನವನು